ಮೇಲಿನಣ್ಣ ನೋಡಿದ ಮೊದಲ ಕಂತು

ಕಟ್ಟಡ ಕಟ್ಟುವಲ್ಲಿ ಎಲ್ಲರೂ ಅವನನ್ನು ಮೇಲಿನಣ್ಣ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಟವರ್ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತವನಿಗೆ ಬೇರೆ ಹೆಸರಾದರೂ ಯಾಕೆ? ಬೆಳಿಗ್ಗೆ ಏಣಿ ಹತ್ತಿದನೆಂದರೆ ಊಟಕ್ಕೂ ಇಳಿಯುವವನಲ್ಲ. ಕೆಳಗಿರುವವರೆಲ್ಲ ಅವನ ಪಾಲಿಗೆ ಹಳದಿ ಟೋಪಿಗಳು. ಅವುಗಳಲ್ಲಿ ಒಂದು ಟೋಪಿ ವಾಕಿಟಾಕಿ ಹಿಡಿದು ‘ಎಡಕ್ಕೆ, ಇಳಿಸಿ, ನಿಲ್ಲಿಸಿ’ ಎಂದು ಸಿಗ್ನಲ್ ಕೊಡುತ್ತಿತ್ತು. ಹೊರೆ ಗೋಡೆಯ ಆಚೆ ಮರೆಯಾದರೆ ಆ ಮಾತನ್ನೇ ನಂಬಿ ಇಳಿಸಬೇಕು. ನಂಬುತ್ತಿದ್ದ, ಆದರೆ ಸಿಗ್ನಲ್ಲಿನವರ ತಲೆಯಲ್ಲಿ ಬರೀ ಮಣ್ಣು ಎಂದು ದಿನಕ್ಕೆ ಹತ್ತು ಸಲ ಬೈಯುತ್ತಲೂ ಇದ್ದ.

ಹನ್ನೊಂದು ದಿನಗಳ ಹಿಂದೆ ಅವನ ಮೊಣಕಾಲು ಕೈಕೊಟ್ಟಿತು. ಇನ್ನು ಏಣಿ ಹತ್ತಕೂಡದು ಎಂದು ಡಾಕ್ಟರು ಬರೆದುಕೊಟ್ಟರು. ಕ್ಯಾಬಿನ್ನಿಗೆ ಇಪ್ಪತ್ತನಾಲ್ಕರ ಹುಡುಗಿಯೊಬ್ಬಳು ಬಂದಳು. “ಕೆಳಗೆ ನೀವೇ ಸಿಗ್ನಲ್ ಕೊಡಿ, ಆಗುತ್ತೋ ಇಲ್ಲವೋ ಸೋಮವಾರ ಹೇಳಿ” ಎಂದು ಎಂಜಿನಿಯರು ಮೊನ್ನೆ ಒಳ್ಳೆಯ ಮಾತಿನಲ್ಲೇ ಅಂದಿದ್ದ, ಆದರೆ ಮೇಲಿನಣ್ಣನಿಗೆ ಕೆನ್ನೆಗೆ ಹೊಡೆದಂತಾಯಿತು. ಮನೆಯಲ್ಲಿ ತುಟಿಪಿಟಿಕ್ಕೆನ್ನಲಿಲ್ಲ. ದಿನಾ ಹೊತ್ತಿಗೆ ಸರಿಯಾಗಿ ಹೊರಟು, ಸ್ಟೋರಿನಲ್ಲಿ ಕೂತು, ದೊಡ್ಡ ಬೋಲ್ಟು ಒಂದು ಡಬ್ಬಿಗೆ, ಸಣ್ಣ ಬೋಲ್ಟು ಇನ್ನೊಂದು ಡಬ್ಬಿಗೆ ಹಾಕಿ ಸಂಜೆ ವಾಪಸು ಬರುತ್ತಿದ್ದ. ರಾಜೀನಾಮೆ ಪತ್ರವನ್ನೂ ಬರೆದಿಟ್ಟಿದ್ದ. ನಾಳೆ ಕೊಟ್ಟುಬಿಟ್ಟರೆ ಮುಗಿಯಿತು.

ಈ ಭಾನುವಾರ ಹೆಂಡತಿಗೆ ಬೇಕರಿಯಲ್ಲಿ ಪಾಳಿ. ಮನೆಯಲ್ಲಿ ಅವನು ಮತ್ತು ಹದಿನಾರರ ಮಗಳು. ಆರು ವರ್ಷದ ಹಿಂದೆ ಅಪ್ಪ ಮಗಳು ಒಂದು ಕಂತೂ ತಪ್ಪಿಸದೆ ನೋಡಿದ್ದ ಜಪಾನಿ ಕಾರ್ಟೂನ್ ಸರಣಿಯೊಂದಿತ್ತು. ಹತ್ತು ಮಹಡಿ ಎತ್ತರದ ಕಬ್ಬಿಣದ ರೋಬೋ, ಅದರ ಎದೆಯೊಳಗೆ ಕೂತು ಓಡಿಸುವ ಪೈಲಟ್. ‘ನಮ್ಮಪ್ಪನೂ ಅದನ್ನೇ ಓಡಿಸೋದು’ ಎಂದು ಆಗ ಮಗಳು ಶಾಲೆಯಲ್ಲೆಲ್ಲ ಸಾರಿಕೊಂಡು ಬಂದಿದ್ದಳು. ಈಗ ಅದರ ಮುಂದಿನ ಸರಣಿ ಶುರುವಾಗುತ್ತಿದ್ದು, ಇವತ್ತು ಹತ್ತು ಗಂಟೆಗೆ ಮೊದಲ ಕಂತು ಇಂಟರ್ನೆಟ್ಟಿನಲ್ಲಿ ಬರುವುದಿತ್ತು.

ಶುರುವಿನ ಹಾಡೇ ಅವನಿಗೆ ಗದ್ದಲವೆನಿಸಿತು. ಬಣ್ಣ ಚೆನ್ನಾಗಿತ್ತು, ಒಪ್ಪಿಕೊಂಡ. ಹೊಸ ರೋಬೋ ಕಾಣಿಸಿದ ಕೂಡಲೇ ಬೆನ್ನು ನೆಟ್ಟಗೆ ಮಾಡಿ ಕೂತ.

“ಇದೇನೇ ಇದು, ಕಡ್ಡಿ ಪೈಲ್ವಾನ್! ಹಳೇದು ಕಾಲಿಟ್ರೆ ನೆಲ ಅದುರ್ತಿತ್ತು. ಇದು ಬೆಕ್ಕಿನ ಥರ ನಡೀತಿದೆ. ಮುಂದುಗಡೆ ಅಷ್ಟುದ್ದ ಕೈ ಚಾಚಿದ್ರೆ ಹಿಂದುಗಡೆ ಭಾರ ಬೇಡ್ವಾ? ಮಕಾಡೆ ಬೀಳುತ್ತೆ ನೋಡ್ತಿರು.”

“ಬೀಳಲ್ಲ ಅಪ್ಪ, ಅದು ಕಾರ್ಟೂನು.”

“ಕಾರ್ಟೂನಿಗೂ ಒಂದು ಲೆಕ್ಕ ಇರಬೇಕು.”

ಅಷ್ಟರಲ್ಲಿ ಹಳೆಯ ಪೈಲಟ್ ಬಂದ. ಕೂದಲು ನರೆತಿತ್ತು. ಅವನು ರೋಬೋ ಹತ್ತಲಿಲ್ಲ. ಹತ್ತಿದವಳು ಒಬ್ಬ ಹುಡುಗಿ. ಇವನು ಕೆಳಗೆ ಹೊಗೆಯಲ್ಲಿ ನಿಂತು ರೇಡಿಯೋ ಹಿಡಿದು ದಾರಿ ಹೇಳತೊಡಗಿದ. ಮೇಲಿನಣ್ಣ ಟೀವಿಯಿಂದ ಮುಖ ತಿರುಗಿಸಿದ.

“ಆಫ್ ಮಾಡು. ಚೆನ್ನಾಗಿಲ್ಲ.”

“ಹತ್ತು ನಿಮಿಷನೂ ಆಗಿಲ್ವಲ್ಲಪ್ಪ!”

“ಅಷ್ಟು ವರ್ಷ ಓಡಿಸಿದವನನ್ನ ಕೆಳಗೆ ನಿಲ್ಸಿ ಬಾಯಿ ಬಡ್ಕೊಳಕ್ಕೆ ಹಾಕಿದ್ದಾರೆ. ಇದಕ್ಕಿಂತ ಅವಮಾನ ಬೇಕಾ?”

“ಅವಳಿಗೆ ಹೊಗೇಲಿ ಏನೂ ಕಾಣ್ತಿಲ್ಲ. ಇವನು ಹೇಳಿದ್ರೇನೇ ಅವಳು ಹೆಜ್ಜೆ ಇಡೋದು.”

“ಹೇಳೋದೇನು ಮಹಾ? ದಾರೀಲಿ ಹೋಗೋರೂ ಹೇಳ್ತಾರೆ.”

ಮಗಳು ಕಂತನ್ನು ನಿಲ್ಲಿಸಿದಳು. ಊಟದ ಮೇಜಿನ ಮೇಲಿದ್ದ ನೀರು ತುಂಬಿದ ಜಗ್ಗು ಎತ್ತಿಕೊಂಡು ಬಂದು ಕೋಣೆಯ ನಡುವೆ ನಿಂತು ಕಣ್ಣು ಮುಚ್ಚಿದಳು.

“ಹಾಗಾದ್ರೆ ನೀನೇ ಹೇಳು. ಇದು ಟೀವಿ ಹತ್ತಿರದ ಸ್ಟೂಲಿನ ಮೇಲೆ ಕೂತ್ಕೋಬೇಕು. ನಾನು ಕಣ್ಣು ಬಿಡಲ್ಲ.”

ಇದೂ ಒಂದು ಕೆಲಸವೇ ಎಂಬಂತೆ ಮೇಲಿನಣ್ಣ ಎದ್ದು, ಟೀವಿಯ ಪಕ್ಕ, ಅವಳಿಗೆ ಎದುರಾಗಿ ನಿಂತ.

“ಮುಂದೆ ಬಾ. ಇನ್ನೂ. ನಿಲ್ಲು. ಈಗ ಎಡಕ್ಕೆ.”

ಜಗ್ಗು ಸ್ಟೂಲಿನಿಂದ ದೂರ ಹೋಯಿತು.

“ಎಡಕ್ಕೆ ಅಂದೆ!”

“ಎಡಕ್ಕೇ ಹೋಗ್ತಿದೀನಿ!”

“ಎಡ ಕಣೇ, ಎಡ!”

ಮಗಳು ಇನ್ನೂ ಎರಡು ಹೆಜ್ಜೆ ತನ್ನ ಎಡಕ್ಕೆ ಹೋದಳು. ಜಗ್ಗು ಕಪಾಟಿಗೆ ಬಡಿದು ಬಿತ್ತು. ಚಾಪೆಯೆಲ್ಲ ನೀರಾಯಿತು.

ಬೈಯಲು ಬಾಯಿ ತೆರೆದವನು ತನ್ನ ಎಡಗೈಯನ್ನೊಮ್ಮೆ, ಅವಳ ಎಡಗೈಯನ್ನೊಮ್ಮೆ ನೋಡಿದ. ತಪ್ಪು ಅವಳದಲ್ಲ. ಇಪ್ಪತ್ತಾರು ವರ್ಷ ಎಡ ಎಂದರೆ ಅವನ ಎಡ, ಕ್ಯಾಬಿನ್ನಿನ ಎಡ. ಕ್ರೇನಿಗೆ ಎದುರು ನಿಂತು ಹೇಳುವವರು ಪ್ರತಿ ಸಲವೂ ತಮ್ಮ ಬಲವನ್ನು ತಲೆಯೊಳಗೇ ತಿರುಗಿಸಿ ಅವನಿಗೆ ಎಡ ಮಾಡಿ ಕೊಡುತ್ತಿದ್ದರು ಎಂಬುದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ. ಅವರಲ್ಲಿ ಒಬ್ಬ ಹತ್ತೊಂಬತ್ತು ವರ್ಷ ಹಾಗೆ ಮಾಡಿದ್ದ. ವಾಕಿಟಾಕಿ ಬರುವ ಮೊದಲು ಸೀಟಿ ಊದುತ್ತಿದ್ದನಾದ್ದರಿಂದ ಅವನಿಗೆ ಶಿಳ್ಳೆ ಎಂದೇ ಹೆಸರು. ಒಂದು ತೊಲೆಯನ್ನೂ ಅವನು ತಪ್ಪು ಕಡೆಗೆ ಕಳಿಸಿರಲಿಲ್ಲ. ಅಂಥವನು ನಿವೃತ್ತನಾದ ದಿನ ಕೆಳಗೆ ಎಲ್ಲರಿಗೂ ಚಹಾ ಇತ್ತು, ಮೇಲಿನಣ್ಣ ಇಳಿದು ಹೋಗಿರಲಿಲ್ಲ. ಅದು ನೆನಪಾಗಿ ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

“ನನ್ನ ಕ್ರೇನಿಂದ ಇಳಿಸಿದ್ದಾರೆ ಕಣೇ,” ಎಂದ. “ಹನ್ನೊಂದು ದಿನ ಆಯ್ತು.”

ಮಗಳು ಚಾಪೆ ಒರೆಸುವುದನ್ನು ನಿಲ್ಲಿಸಲಿಲ್ಲ. “ಮತ್ತೆ ದಿನಾ ಎಲ್ಲಿಗೆ ಹೋಗ್ತಿದ್ದೆ?”

“ಸ್ಟೋರಿಗೆ. ಬೋಲ್ಟ್ ಆರಿಸ್ತಿದ್ದೆ. ಸಿಗ್ನಲ್ ಕೊಡು ಅಂತಿದ್ದಾರೆ. ನಾನು ಬಿಟ್ಟೇಬಿಡೋಣ ಅಂತಿದ್ದೆ.”

ಅವಳು ಬಟ್ಟೆ ಹಿಂಡಿದಳು. ಅವಳ ಕಣ್ಣಲ್ಲೂ ನೀರಿತ್ತು. “ಅಮ್ಮಂಗೆ ನೀನೇ ಹೇಳ್ಬೇಕು. ನಾನು ಹೇಳಲ್ಲ.”

“ಹೇಳ್ತೀನಿ.”

ಉಳಿದ ಹದಿನೈದು ನಿಮಿಷವನ್ನು ಇಬ್ಬರೂ ಕೂತು ನೋಡಿದರು. ರೋಬೋ ಮಕಾಡೆ ಬೀಳಲಿಲ್ಲ. ಬಿದ್ದಿದ್ದರೂ ಮೇಲಿನಣ್ಣನಿಗೆ ಗೊತ್ತಾಗುತ್ತಿರಲಿಲ್ಲ, ಅವನು ಕೆಳಗೆ ನಿಂತವನ ಬಾಯನ್ನೇ ನೋಡುತ್ತಿದ್ದ. ಕಂತು ಮುಗಿಯಿತು. “ಪರವಾಗಿಲ್ಲ” ಎಂದಷ್ಟೇ ಹೇಳಿ ಫೋನು ಎತ್ತಿಕೊಂಡು ಅಡುಗೆಮನೆಗೆ ಹೋದ.

ಶಿಳ್ಳೆಗೆ ಮೊದಲು ನಂಬಿಕೆಯೇ ಬರಲಿಲ್ಲ. “ಮೇಲಿನಣ್ಣನಾ? ನನಗೆ ಫೋನಾ?”

“ಒಂದು ಕೇಳ್ಬೇಕಿತ್ತು. ಕ್ರೇನಿಗೆ ಎದುರು ನಿಂತು ಎಡ ಬಲ ಹೇಗಯ್ಯ ನೆನಪಿಟ್ಕೊಳ್ತಿದ್ದೆ?”

“ಓ, ಅದಾ!” ಶಿಳ್ಳೆ ನಕ್ಕ. “ಮೊದಲನೇ ವರ್ಷ ನಿಮಗೆ ಬೆನ್ನು ಹಾಕಿ ನಿಂತು ಹೇಳ್ತಿದ್ದೆ, ಆಗ ನಿಮ್ಮ ಎಡವೇ ನನ್ನ ಎಡ. ನಿಮ್ಮನ್ನ ನೋಡಕ್ಕೆ ತಿರುಗಿ ತಿರುಗಿ ಕುತ್ತಿಗೆ ಉಳುಕ್ತು. ಆಮೇಲೆ ಹಂಗೇ ರೂಢಿ ಆಯ್ತು.”

“ಹತ್ತೊಂಬತ್ತು ವರ್ಷ ನನಗೆ ಒಂದು ಸಲನಾದ್ರೂ ಹೇಳಬಾರದಾಗಿತ್ತಾ?”

“ಸಿಕ್ಕಿದ್ರೆ ಹೇಳ್ತಿದ್ದೆ,” ಎಂದ ಶಿಳ್ಳೆ, ಕೊಂಕಿಲ್ಲದ ದನಿಯಲ್ಲಿ. “ನೀವು ಯಾವತ್ತು ಕೆಳಗೆ ಬಂದಿದ್ರಿ ಅಣ್ಣಾ?”



“ನಾಳೆಯಿಂದ ಕೆಳಗೇ ಇರ್ತೀನಿ,” ಎಂದ ಮೇಲಿನಣ್ಣ.