ಕುಮುದಾ ಬ್ಯಾಡ ಅಂದಳು

ಅಶೋಕ ಪಡುವಣಕ್ಕೆ ಕಳಿಸಿದ ಭಿಕ್ಷುಗಳು ಅರ್ಧ ದಾರಿಯಲ್ಲೇ ದಣಿದು ಕೂತಿದ್ದರೆ ನಮ್ಮ ಕುಮುದಾಳ ಸಂಸಾರ ಉಳಿಯುತ್ತಿತ್ತು. ಆ ಪುಣ್ಯಾತ್ಮರು ರೋಮಿನ ತನಕ, ಲಂಡನ್ನಿನ ತನಕ ನಡೆದರು. ಎರಡು ಸಾವಿರ ವರ್ಷದಿಂದ ಅಲ್ಲಿ ಓಣಿಗೊಂದು ವಿಹಾರ. ಸತ್ತವರನ್ನು ಬೈದು ಏನು ಬಂತು? ಆದರೂ ಬೈಯುತ್ತೇನೆ, ಹೊಟ್ಟೆ ಉರಿಯುತ್ತದೆ.

ಹೈದರಾಬಾದಿಗೆ ಕಂಪ್ಯೂಟರಿನ ಹುಚ್ಚು ಹಿಡಿದ ವರ್ಷಗಳವು. ಕುಮುದಾ ಕಲಬುರಗಿ ಕಡೆಯವಳು. ಉಪ್ಪಲ್‌ನ ಕಾಲ್ ಸೆಂಟರಿನಲ್ಲಿ ನನ್ನ ಪಕ್ಕದ ಕುರ್ಚಿ. ಲಂಡನ್ನಿನ ವಿಹಾರಗಳ ಕಂಪ್ಯೂಟರ್ ಕೆಟ್ಟರೆ ಫೋನ್ ನಮಗೆ ಬರುತ್ತಿತ್ತು. ಅವರು ರೇಗಿದರೆ ಇವಳು ಮ್ಯೂಟ್ ಗುಂಡಿ ಒತ್ತಿ ಹಿಡಿದು ಅಳುವಳು, ಕಣ್ಣೊರೆಸಿಕೊಂಡು ಗುಂಡಿ ಬಿಟ್ಟು ನಯವಾಗಿ ಮಾತಾಡುವಳು. ಅಳು ಗಿರಾಕಿಗೆ ಕೇಳಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ.

ಅವಳ ಗಂಡ ವೈಜನಾಥ ಕಂಪನಿ ಕೆಲಸಕ್ಕೆಂದು ರೋಮಿಗೆ ಹೋದವನು, ಅಲ್ಲಿನ ರೂಢಿಯಂತೆ ಒಂದು ಮಳೆಗಾಲದ ಮಟ್ಟಿಗೆ ಕಾವಿ ಉಟ್ಟ. ಮಳೆಗಾಲ ಮುಗಿದರೂ ಬಿಚ್ಚಲಿಲ್ಲ.

"ಮಧ್ಯಾಹ್ನದ ಮ್ಯಾಲೆ ಅವರು ಉಣ್ಣಂಗಿಲ್ಲಂತ, ಶಾಮಲಕ್ಕ. ರಾತ್ರಿ ರೊಟ್ಟಿ ಬಡಿಯಾಕ ನನಗೂ ಕೈ ಏಳವಲ್ದು," ಅನ್ನುತ್ತಿದ್ದಳು.

ಕಾಯಂ ಭಿಕ್ಷುವಾಗಲು ಹೆಂಡತಿಯ ಒಪ್ಪಿಗೆ ಬೇಕು. ಸಂಘ ಮೂರು ಸಲ ಕೇಳುತ್ತದೆ. ಸುಮ್ಮನಿದ್ದರೆ ಒಪ್ಪಿದಂತೆ, ಮೂರನೆಯದು ಮುಗಿದರೆ ಮಾತು ಹಿಂದೆ ಹೋಗದು. ಮನೆಯಲ್ಲಿ ಫೋನಿಲ್ಲದ್ದರಿಂದ ಕರೆ ಆಫೀಸಿಗೇ ಬಂತು. ಧೈರ್ಯಕ್ಕಿರಲಿ ಎಂದು ನನ್ನ ಕಿವಿಗೂ ಒಂದು ತಂತಿ ಹಾಕಿಸಿದಳು.

"ಬ್ಯಾಡ ಅಂತ ಗಟ್ಟಿಯಾಗಿ ಅನ್ನವಾ," ಅಂದೆ.

"ಅದನ್ನ ಹೇಳಾಕ ಕುಂತೀನಿ, ಅಕ್ಕ."

"ವೈಜನಾಥನನ್ನು ಸಂಘಕ್ಕೆ ಬಿಟ್ಟುಕೊಡುತ್ತೀರಾ?" ಎಂದು ಹಿರಿಯ ಭಿಕ್ಷು ಇಂಗ್ಲಿಷಿನಲ್ಲಿ ಕೇಳಿದರು. ಅವಳಿಗೆ ಅಳು ಉಕ್ಕಿತು.

"ಬ್ಯಾಡ್ರಿ, ನನ್ನ ಗಂಡನ್ನ ನನಗ ಕೊಡ್ರಿ," ಎಂದು ಬಿಕ್ಕಿದಳು. ಕನ್ನಡದಲ್ಲೂ ಅಂದಳು, ಇಂಗ್ಲಿಷಿನಲ್ಲೂ ಅಂದಳು. ಎರಡನೆಯ ಸಲವೂ ಅದನ್ನೇ ಅಂದಳು. ಮೂರನೆಯ ಸಲ ಎಡಗೈಯಿಂದ ಮೇಜು ಗುದ್ದಿ ಅಂದಳು. ಆಮೇಲೆ ಆ ಕಡೆ ಭಿಕ್ಷುಗಳೆಲ್ಲ ಕೂಡಿ "ಸಾಧು, ಸಾಧು" ಎಂದರು. ನನಗೆ ಅರ್ಥವಾಗುವಷ್ಟರಲ್ಲಿ ವೈಜನಾಥನ ದನಿ ಬಂತು.

"ನೀ ಒಂದ್ಸಲ ಬ್ಯಾಡ ಅಂದಿದ್ರ ಹೊಳ್ಳಿ ಬರಾಂವ ಇದ್ದೆ, ಕುಮುದಾ. ಸುಮ್ಮನ ಕುಂತು ಕಳಿಸಿಕೊಟ್ಟಿ. ನಿನ್ನ ಮನಸ್ಸು ಭಾಳ ದೊಡ್ಡದು."

ಕುಮುದಾ ತನ್ನ ಬಲಗೈ ನೋಡಿಕೊಂಡಳು. ಅಳು ಬಂದೊಡನೆ ಹೆಬ್ಬೆರಳು ತಾನಾಗಿ ಮ್ಯೂಟ್ ಗುಂಡಿಗೆ ಹೋಗಿತ್ತು, ಇನ್ನೂ ಅಲ್ಲೇ ಇತ್ತು. ಬೆರಳೆತ್ತಿ, "ಬ್ಯಾಡ," ಅಂದಳು.

ಅಷ್ಟರಲ್ಲಿ ಅವರು ಫೋನ್ ಇಟ್ಟಿದ್ದರು.