ಹಂದಿ ಪರ್ಮಿಟ್ಟೂ ಹೊರಗಿನವರೂ

ನಮ್ಮ ಕ್ವಾರ್ಟರ್ಸಿನ ಮನೆಯಲ್ಲಿ ಕೋವಿ ಇರುವ ವಿಷಯ ಅಕ್ಕಪಕ್ಕದವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಯಾರೂ ಹೆದರುತ್ತಿರಲಿಲ್ಲ. ಅಜ್ಜನ ಕಾಲದ ಕೇಪಿನ ಕೋವಿ ಅದು. ನಳಿಗೆಯ ಬಾಯಿಂದ ಮದ್ದು ತುಂಬಿ, ಚರೆ ಹಾಕಿ, ಕೋಲಿನಿಂದ ಜಡಿದು ತಯಾರಾಗುವಷ್ಟರಲ್ಲಿ ಕಳ್ಳ ಕದ್ದು, ಉಂಡು, ಮಲಗಿ ಎದ್ದಿರುತ್ತಿದ್ದ. ಬೀರುವಿನ ಮೇಲೆ ಹಳೆಯ ದುಪ್ಪಟಿ ಸುತ್ತಿಕೊಂಡು ಬಿದ್ದಿರುತ್ತಿತ್ತು. ಅಮ್ಮ ಧೂಳು ಹೊಡೆಯುವಾಗ ಗಡಿಯಾರ ಒರೆಸಿದ ಬಟ್ಟೆಯಲ್ಲೇ ಅದನ್ನೂ ಒರೆಸುತ್ತಿದ್ದಳು.

ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಊರು ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಕಾಡಿನ ಅಂಚಿಗೆ. ಅಲ್ಲಿ ಚಿಕ್ಕಪ್ಪ ಗದ್ದೆ ಮತ್ತು ಕಬ್ಬು ನೋಡಿಕೊಳ್ಳುತ್ತಿದ್ದ. ಅಜ್ಜ ತೀರಿಕೊಂಡಾಗ ಹಿರಿಯ ಮಗ ಎಂದು ಕೋವಿಯ ಲೈಸೆನ್ಸು ಅಪ್ಪನ ಹೆಸರಿಗೆ ಬಂತು. ವಿಳಾಸದ ಜಾಗದಲ್ಲಿ ಕ್ವಾರ್ಟರ್ಸಿನ ನಂಬರು ಬಂತು. ಅದರಲ್ಲಿ ತಪ್ಪೇನಿದೆ ಎಂದು ಆಗ ಯಾರಿಗೂ ಅನಿಸಲಿಲ್ಲ.

ನಾನು ಹೇಳುತ್ತಿರುವುದು ಎರಡು ಸಾವಿರನೇ ಇಸವಿ ದಾಟಿದ ಹೊಸತರ ಮಾತು. ಮಾಚೇನಹಳ್ಳಿಯ ಸಣ್ಣ ವರ್ಕ್‌ಶಾಪಿನ ಆಫೀಸಿನಲ್ಲಿ ಕೆಲಸಕ್ಕಿದ್ದೆ. ನನ್ನನ್ನು ನೋಡಲು ಬಂದ ಗಂಡಿನವರೆಲ್ಲ ಉಪ್ಪಿಟ್ಟು ತಿಂದು, ತಿಳಿಸುತ್ತೇವೆ ಎಂದು ಹೋಗಿದ್ದರು. ಅಪ್ಪನ ಕಾರ್ಖಾನೆಯಲ್ಲಿ ಇವತ್ತು ಮುಚ್ಚುತ್ತಾರೆ, ನಾಳೆ ಮುಚ್ಚುತ್ತಾರೆ ಎಂಬ ಮಾತು. ಹೊತ್ತಿನ ಮೇಲೆ ಹೊತ್ತು ಕೂತು ಕಾಲು ಜೋಮು ಹಿಡಿಯುತ್ತದಲ್ಲ, ಮನೆಮಂದಿಗೆಲ್ಲ ಹಾಗೆ ಆಗಿತ್ತು. ಅಳುವಂಥದ್ದೇನೂ ಇರಲಿಲ್ಲ, ನಗುವಂಥದ್ದೂ ಇರಲಿಲ್ಲ.

ಆ ವರ್ಷ ಊರಿನಲ್ಲಿ ಹಂದಿ ಕಾಟ ಮಿತಿಮೀರಿತು. ಕಬ್ಬಿನ ಗದ್ದೆಗೆ ಹಿಂಡು ನುಗ್ಗಿದರೆ ಬೆಳಿಗ್ಗೆ ಅಲ್ಲಿ ಉಳಿಯುವುದು ಬರೀ ಸಿಪ್ಪೆ. ಬೆಳೆಗೆ ಬಂದ ಹಂದಿಯನ್ನು ಹೊಡೆಯಲು ಫಾರೆಸ್ಟಿನವರು ಪರ್ಮಿಟ್ ಕೊಡುತ್ತಾರಂತೆ ಎಂಬ ಸುದ್ದಿ ಬಂತು. ಆದರೆ ನಮ್ಮೂರಿಗೆ ಮೂರೇ ಮೂರು. ಕೋವಿ ಇದ್ದವರು ಅದಕ್ಕಿಂತ ಹೆಚ್ಚು ಜನ. ಅದು ಸಾಲದು ಎಂಬಂತೆ ಶಿವಮೊಗ್ಗದ ಕಂಟ್ರಾಕ್ಟರೊಬ್ಬ ಜೀಪು, ತೋಟಾ ಹಾಕಿ ಹೊಡೆಯುವ ಹೊಸ ಕೋವಿ, ಇಬ್ಬರು ಗೆಳೆಯರ ಸಮೇತ ತನಗೂ ಬೇಕೆಂದು ಬಂದ.

ಸುದ್ದಿ ಕೇಳಿದ ದಿನ ಅಪ್ಪ ಬೀರುವಿನ ಮೇಲಿಂದ ಕೋವಿ ಇಳಿಸಿದ. ಎಷ್ಟೋ ವರ್ಷದಿಂದ ಅದನ್ನು ಹಾರಿಸಿರಲಿಲ್ಲ. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಮಧ್ಯಾಹ್ನವಿಡೀ ಎಣ್ಣೆ ಹಾಕಿ ತಿಕ್ಕಿದ. ಅಪ್ಪನಿಗೆ ಬೇಕಾಗಿದ್ದು ಹಂದಿಯಲ್ಲ. ನಮ್ಮ ಕಬ್ಬಿನ ನಡುವೆ ಅಟ್ಟಣೆ ಕಟ್ಟಿ, ಅಜ್ಜ ಕೂತ ಹಾಗೆ ಕೂರಬೇಕಿತ್ತು. ಕಾರ್ಖಾನೆ ಹೇಗೂ ಹೋಗುವುದೇ, ಊರಾದರೂ ತನ್ನದು ಎಂದು ನಾಲ್ಕು ಜನರ ಮುಂದೆ ಕಾಣಬೇಕಿತ್ತು. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ಎಣ್ಣೆ ಖರ್ಚಾದ ರೀತಿಯಲ್ಲೇ ತಿಳಿಯುತ್ತಿತ್ತು ಎಂದು ಅಮ್ಮ ಆಮೇಲೆ ಹೇಳಿದಳು.

ಭಾನುವಾರ ಶಾಲೆಯ ಜಗಲಿಯಲ್ಲಿ ಮೀಟಿಂಗು. ಅಮ್ಮನಿಗೆ ಬಸ್ಸಿನಲ್ಲಿ ವಾಂತಿ, ಅಣ್ಣನಿಗೆ ಕ್ರಿಕೆಟ್ಟು. ಹಾಗಾಗಿ ಜೊತೆಗೆ ಹೊರಟವಳು ನಾನು. ದುಪ್ಪಟಿ ಸುತ್ತಿದ ಕೋವಿಯನ್ನು ನೋಡಿ ಕಂಡಕ್ಟರ್ "ಪೈಪಾ? ಮೇಲೆ ಹಾಕ್ರಿ" ಅಂದ. ಅಪ್ಪ ಮೇಲೆ ಹಾಕದೆ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದ.

ಫಾರೆಸ್ಟರ್ ಬೆಂಚಿನ ಮೇಲೆ ಕೂತಿದ್ದ. ಕಂಟ್ರಾಕ್ಟರ್ ಮೊದಲು ಮಾತಾಡಿದ.

"ನಿಮ್ಮ ಕೇಪಿನ ಕೋವಿಲಿ ಹಂದಿಗೆ ಗಾಯ ಆಗುತ್ತೆ ಅಷ್ಟೇ ಕಣ್ರೀ, ಸಾಯಲ್ಲ. ಗಾಯ ಆದ ಹಂದಿ ನಾಳೆ ಹೆಂಗಸ್ರು ಮಕ್ಕಳ ಮೇಲೆ ಬಿದ್ರೆ ಯಾರು ಹೊಣೆ? ಮತ್ತೆ ನಾನೇನು ಹೊರಗಿನವನಲ್ಲ. ನಾಲೆ ಪಕ್ಕ ನಂಗೂ ಜಮೀನಿದೆ. ಪಹಣೀಲಿ ಹೆಸರಿದೆ, ಬೇಕಾದ್ರೆ ನೋಡಿ."

ಪಹಣಿ ಎಂದರೆ ಊರಲ್ಲಿ ಯಾರೂ ಎದುರು ಮಾತಾಡುವುದಿಲ್ಲ. ಆಗ ಅಪ್ಪ ಎದ್ದು ನಿಂತ. ಕಾರ್ಖಾನೆಯ ಗೇಟ್ ಮೀಟಿಂಗುಗಳಲ್ಲಿ ಮಾತಾಡಿ ಪಳಗಿದ ನಾಲಿಗೆ. ಸ್ಥಳೀಯರು ಯಾರು, ಹೊರಗಿನವರು ಯಾರು ಎಂಬ ವಾದ ಅಲ್ಲಿ ದಿನ ಬೆಳಗಾದರೆ ಇರುತ್ತಿತ್ತು.

"ಜಮೀನು ದುಡ್ಡಿರೋರು ಯಾರು ಬೇಕಾದ್ರೂ ತಗೋತಾರೆ ಸ್ವಾಮಿ. ಬೊಂಬಾಯಿಲಿ ಕೂತೋನೂ ತಗೋತಾನೆ. ಊರವನು ಅಂದ್ರೆ, ಊರಲ್ಲಿ ಯಾರ ಒಲೆ ಉರಿಯುತ್ತೋ ಅವನು. ಬೇಟೆ ಪಾಲು ಹಾಕೋದೂ ನಮ್ಮಲ್ಲಿ ಒಲೆಗೊಂದು ಅಂತಲೇ. ರೇಷನ್ ಕಾರ್ಡು ಯಾವೂರಿಂದು ನೋಡಿ ಪರ್ಮಿಟ್ ಕೊಡಿ, ಮುಗೀತು."

ಜಗಲಿಯ ತುಂಬ ಚಪ್ಪಾಳೆ. ನನ್ನ ಅಪ್ಪನಿಗೆ ಯಾರಾದರೂ ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಫಾರೆಸ್ಟರಿಗೂ ಅದು ಸುಲಭದ ದಾರಿಯಾಗಿ ಕಂಡಿತು. ಹಾಗೇ ಮಾಡೋಣ ಎಂದ. ಕಂಟ್ರಾಕ್ಟರ್ ಜೀಪು ಹತ್ತಿ ಧೂಳೆಬ್ಬಿಸಿಕೊಂಡು ಹೋದ. ಯಾರೋ ಅಪ್ಪನನ್ನು "ಲೀಡರ್ರು" ಎಂದರು. ಟೀ ತರಿಸಿದರು. ಮೊದಲ ಲೋಟ ಅಪ್ಪನಿಗೇ.

ಟೀ ಮುಗಿದ ಮೇಲೆ ಫಾರೆಸ್ಟರ್ ಒಬ್ಬೊಬ್ಬರನ್ನೇ ಕರೆದ. ಅಪ್ಪನ ಲೈಸೆನ್ಸು ಬಿಡಿಸಿ ನೋಡಿದ.

"ಇದು ಭದ್ರಾವತಿ ಅಡ್ರೆಸ್ಸಲ್ವಾ? ರೇಷನ್ ಕಾರ್ಡು?"

"ಅದೂ ಅಲ್ಲೇ ಇದೆ. ಆದ್ರೆ ಗದ್ದೆ ನಮ್ದೇ. ತಮ್ಮ ಇಲ್ಲೇ ಇದಾನೆ."

"ತಮ್ಮನ ಹೆಸರಲ್ಲಿ ಕೋವಿ ಇದ್ಯಾ?"

"ಇಲ್ಲ."

"ಮತ್ತೆ ನೀವೇ ಹೇಳಿದ್ರಲ್ಲ ಸಾರ್."

ಅವನ ದನಿಯಲ್ಲಿ ಕುಹಕವೇನೂ ಇರಲಿಲ್ಲ. ನಾನು ಕಾದೆ. "ಅವನು ನಮ್ಮೋನೇ ಬಿಡ್ರಿ" ಎಂದು ಯಾರಾದರೊಬ್ಬರು ಹೇಳುತ್ತಾರೆ ಎಂದುಕೊಂಡಿದ್ದೆ. ಆಗಷ್ಟೇ ಚಪ್ಪಾಳೆ ತಟ್ಟಿದವರು ಖಾಲಿ ಲೋಟಗಳನ್ನು ನೋಡುತ್ತಿದ್ದರು. ಇದ್ದದ್ದು ಮೂರು ಪರ್ಮಿಟ್, ಒಬ್ಬ ಕಡಿಮೆಯಾದರೆ ಒಬ್ಬನಿಗೆ ಲಾಭ. ಚಿಕ್ಕಪ್ಪ ಬಾಯಿ ತೆರೆದು ಮುಚ್ಚಿದ. ಅವನು ದಿನಾ ಬದುಕಬೇಕಾದದ್ದು ಅವರ ನಡುವೆ. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಸರಿ" ಎಂದ ಅಪ್ಪ. "ರೂಲ್ಸ್ ಅಂದ್ರೆ ರೂಲ್ಸು."

ಕೋವಿಯ ದುಪ್ಪಟಿಯನ್ನು ಬಿಚ್ಚಿಯೇ ಇರಲಿಲ್ಲ. ಹಾಗೇ ಎತ್ತಿಕೊಂಡು ಬಸ್ಸಿಗೆ ಬಂದೆವು.

ನಡೆದದ್ದನ್ನು ನನ್ನಿಂದ ಕೇಳಿ ಅಮ್ಮ ಬಾಗಿಲಲ್ಲೇ ಶುರು ಮಾಡಿದಳು. "ನಿಮ್ಮ ಯೂನಿಯನ್ ಭಾಷಣ ಊರಲ್ಲೂ ಬೇಕಿತ್ತಾ? ಬಾಯಿ ಮುಚ್ಕೊಂಡಿದ್ರೆ ಒಂದು ಚೀಟಿ ನಿಮಗೂ ಬರ್ತಿತ್ತಲ್ಲ." ಪಕ್ಕದ ಕ್ವಾರ್ಟರ್ಸಿನ ತಮಿಳಿನವರು, ಅಪ್ಪನ ಜೊತೆಗೇ ಕೆಲಸಕ್ಕೆ ಸೇರಿದವರು, ಕಾಂಪೌಂಡಿನಾಚೆಯಿಂದ "ಏನ್ ಸಾರ್, ಹಂದಿ ಬಿತ್ತಾ?" ಎಂದು ಕೂಗಿದರು. ಅಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರು ಮೊದಲು ಜೋರಾಗಿ ನಕ್ಕರು.

"ನಮ್ಮ ಕಥೇನೂ ಇದೇ ಸಾರ್. ಇಲ್ಲಿ ಮದ್ರಾಸಿ ಅಂತಾರೆ. ಅಲ್ಲಿಗೆ ಹೋದ್ರೆ ಭದ್ರಾವತಿಕ್ಕಾರನ್ ಅಂತಾರೆ. ಅಭ್ಯಾಸ ಆಗುತ್ತೆ ಬಿಡಿ."

ಆಮೇಲೂ ಅಪ್ಪ ಭಾನುವಾರ ಊರಿಗೆ ಹೋಗುವುದನ್ನು ಬಿಡಲಿಲ್ಲ, ಬರಿಗೈಯಲ್ಲಿ ಹೋಗುತ್ತಿದ್ದ. ಕಬ್ಬು ಕಟಾವಿಗೆ ಹತ್ತಿರವಾಗಿದ್ದಾಗ ಒಂದು ಬೆಳಿಗ್ಗೆ ನಾನೂ ಜೊತೆಗೆ ಹೋಗಿದ್ದೆ. ಬಸ್ಸಿಳಿಯುತ್ತಲೇ ಗೊತ್ತಾಯಿತು, ಹಂದಿ ಬಿದ್ದಿದೆ. ಬಿದ್ದದ್ದು ನಮ್ಮ ಗದ್ದೆಯಲ್ಲೇ. ಚಿಕ್ಕಪ್ಪ ಕಟ್ಟಿದ ಅಟ್ಟಣೆಯಲ್ಲಿ ಪಕ್ಕದ ಗದ್ದೆಯವನು ಕೂತು ಹೊಡೆದಿದ್ದ. ಪರ್ಮಿಟ್ ಸಿಕ್ಕಿದ್ದು ಅವನಿಗೆ. ಕಾನೂನಿನ ಪ್ರಕಾರ ಹೊಡೆದ ಹಂದಿಯನ್ನು ಹೂಳಬೇಕು. ಗಾರ್ಡು ಗುಂಡಿ ತೋಡಿಸಿ, ನೋಡಿ, ಸೈಕಲ್ ಹತ್ತಿ ಹೋಗಿದ್ದ. ಎಷ್ಟು ಹೂತರೋ ನನಗೆ ಗೊತ್ತಿಲ್ಲ. ಗುಂಡಿಯನ್ನಂತೂ ಬಹಳ ಚೆನ್ನಾಗಿ ತೋಡಿದ್ದರು.

ಹಳ್ಳದ ದಂಡೆಯಲ್ಲಿ ಎಲೆ ಹಾಸಿ ಪಾಲು ಹಾಕುತ್ತಿದ್ದರು. ತಲೆ ಹೊಡೆದವನಿಗೆ. ನಾಯಿ ಬಿಟ್ಟವನಿಗೆ ನಾಯಿ ಪಾಲು. ಆಮೇಲೆ ಒಲೆಗೊಂದು ಗುಡ್ಡೆ. ಹಿರಿಯರೊಬ್ಬರು ಒಂದೊಂದೇ ಮನೆ ಹೆಸರು ಕೂಗಿ ಕೊಡುತ್ತಿದ್ದರು. ನಮ್ಮ ಮನೆಯ ಹೆಸರು ಕೂಗಿದಾಗ ಅಪ್ಪ ಒಂದು ಹೆಜ್ಜೆ ಮುಂದಿಟ್ಟ. ಚಿಕ್ಕಪ್ಪನೂ ಇಟ್ಟ. ಅಪ್ಪ ನಿಂತುಕೊಂಡ.

ಎಲ್ಲ ಮುಗಿದ ಮೇಲೆ ಸಣ್ಣದೊಂದು ಗುಡ್ಡೆ ಉಳಿಯುತ್ತದೆ. ಪಾಲು ಹಾಕುವಾಗ ಅಲ್ಲಿಗೆ ಬಂದು ನಿಂತ ಪರವೂರಿನವರಿಗೆ, ಸೈಕಲ್ಲಿನಲ್ಲಿ ಪಾತ್ರೆ ಮಾರುವವನೋ ದಾರಿಹೋಕನೋ, ಯಾರಾದರೂ ಸರಿ, ಅವರನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಇಡುವುದು. ನಿಂತವರ ಪಾಲು ಎನ್ನುತ್ತಾರೆ. ಹಿರಿಯರು ಅದನ್ನು ಎಲೆಯಲ್ಲಿ ಕಟ್ಟಿ, ನಗುತ್ತಾ, ಪ್ರೀತಿಯಿಂದಲೇ ಅಪ್ಪನ ಕಡೆ ಚಾಚಿದರು.

"ತಗಾ ಮಾರಾಯ, ಭದ್ರಾವತಿಯಿಂದ ಬಂದಿದೀಯ."

ಅಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡ. ಆ ಹೊತ್ತಿಗೆ ನನಗೆ ಏನನಿಸಿತು ಎಂದು ಹಲವು ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಈಗ ಶಿವಮೊಗ್ಗದ ರವೀಂದ್ರನಗರದ ಮನೆಯಲ್ಲಿ ಕೂತು ಬರೆಯುವಾಗಲೂ ನೋಡುತ್ತಿದ್ದೇನೆ. ಏನೂ ಅನಿಸಿರಲಿಲ್ಲ. ಬಿಸಿಲು ಏರಿತ್ತು, ನೊಣ ಬಂದಿದ್ದವು, ಬಸ್ಸಿಗೆ ಹೊತ್ತಾಗಿತ್ತು.

ಚಿಕ್ಕಪ್ಪ ರಸ್ತೆಯವರೆಗೂ ಓಡಿ ಬಂದ. "ಅಣ್ಣ, ನನ್ನ ಪಾಲಲ್ಲಿ ಅರ್ಧ ತಗೊಂಡು ಹೋಗು. ನಂಗೆ ಒಂಥರಾ ಆಗ್ತಿದೆ."

"ಬೇಡ ಮಾರಾಯ, ನಂದು ಬಂತಲ್ಲ" ಎಂದ ಅಪ್ಪ. ಬಸ್ಸು ಬಂತು.

ಪಕ್ಕದಲ್ಲಿ ಕೂತವನು ಮುಂದಿನ ಯಾವುದೋ ಊರಿನ ರೈತ. ಎಲೆಯ ಪೊಟ್ಟಣದ ವಾಸನೆಗೆ ಅವನ ಮೂಗು ಅರಳಿತು. ತಮ್ಮೂರಿನ ಹಂದಿಗಳ ಕಥೆಯನ್ನೆಲ್ಲ ಹೇಳಿದ. ಆಮೇಲೆ, "ನಿಮ್ದು ಯಾವೂರಾಯ್ತು?" ಎಂದು ಕೇಳಿದ.

"ಭದ್ರಾವತಿ" ಎಂದ ಅಪ್ಪ.

"ಹಂಗಾದ್ರೆ ನಿಮಗೇನು ಬಿಡಿ. ಹಂದಿ ಕಾಟ ಇಲ್ಲ."

"ಇಲ್ಲ" ಎಂದ ಅಪ್ಪ.