ಮಾರಾಟವಾಗದ ವಿಮಾನಗಳು

ನಾನು ಮದುವೆಯಾಗಿ ಕುಷ್ಟಗಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಹುಟ್ಟಿ ಬೆಳೆದದ್ದು ಮುನಿರಾಬಾದಿನ ಡ್ಯಾಂ ಕಾಲೊನಿಯಲ್ಲಿ. ಅಪ್ಪ ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದರು. ಗಂಡನ ಮನೆಯವರದು ಬಜಾರಿನಲ್ಲಿ ಜನರಲ್ ಸ್ಟೋರ್ಸ್. ಮುಂದೆ ಅಂಗಡಿ, ಹಿಂದೆ ಮನೆ. ಮಾವ ಸೊಸೆಯೊಡನೆ ನೇರವಾಗಿ ಮಾತಾಡುವ ರೂಢಿ ಅಲ್ಲಿರಲಿಲ್ಲ. ನನಗೆ ಹೇಳಬೇಕಾದ್ದನ್ನೂ ಅವರು ಅತ್ತೆಗೇ ಹೇಳುತ್ತಿದ್ದರು.

ಒಂದು ದೀಪಾವಳಿಯ ಮುಂಚೆ ಅಂಗಡಿ ಸ್ವಚ್ಛ ಮಾಡುವಾಗ ಅಟ್ಟದಿಂದ ಒಂದಿಷ್ಟು ರಟ್ಟಿನ ಡಬ್ಬಿಗಳು ಇಳಿದವು. ಮುಚ್ಚಳದ ಮೇಲೆ ಹಳೆಯ ಕಾಲದ ವಿಮಾನದ ಚಿತ್ರ. ಬಣ್ಣ ಮಾಸಿ ಆಕಾಶವೆಲ್ಲ ಚಹಾದಂತೆ ಕಾಣುತ್ತಿತ್ತು. ಒಳಗಿನ ಪ್ಲಾಸ್ಟಿಕ್ ತುಣುಕುಗಳನ್ನು ಅಂಟಿಸಿ ನಾವೇ ವಿಮಾನ ಮಾಡಿಕೊಳ್ಳಬೇಕು. ಹುಬ್ಬಳ್ಳಿಯ ಸಗಟು ವ್ಯಾಪಾರಿ ಬೇರೆ ಆಟಿಕೆಗಳ ಜೊತೆ ಇವನ್ನೂ ಸೇರಿಸಿ ಕಳಿಸಿದ್ದನಂತೆ. ಅಗ್ಗದ ಮಾಲು, ಅದೂ ಅರೆಬರೆ ಎಂದು ಯಾರೂ ಕೊಳ್ಳಲಿಲ್ಲ. ಮಾವ ರದ್ದಿಗೆ ಹಾಕಲು ಹೇಳಿದರು. ನಾನು ಅತ್ತೆಯ ಮೂಲಕ ಒಂದು ಡಬ್ಬಿ ಕೇಳಿ ಪಡೆದೆ.

ಡಬ್ಬಿಯಲ್ಲಿದ್ದ ಅಂಟಿನ ಟ್ಯೂಬು ಕಲ್ಲಾಗಿತ್ತು. ಕಾಲೇಜಿನಲ್ಲಿ ಓದಿದ ಕೆಮಿಸ್ಟ್ರಿ ನೆನಪಾಗಿ, ಪಕ್ಕದಲ್ಲಿ ಬೋರ್ಡು ಬರೆಯುವ ಪೇಂಟರನಿಂದ ಥಿನ್ನರ್ ತರಿಸಿದೆ. ತುಣುಕುಗಳನ್ನು ಬಿಡಿಸಿಕೊಂಡ ಮೇಲೆ ಉಳಿದ ಪ್ಲಾಸ್ಟಿಕ್ ಕಡ್ಡಿಯ ಚೂರುಗಳನ್ನು ಅದರಲ್ಲಿ ಕರಗಿಸಿದೆ. ಛಂದದ ಅಂಟಾಯಿತು.

ಹಚ್ಚುವ ಮೊದಲು ವಿಮಾನದ ಒಡಲಿನ ಎರಡು ಹೋಳುಗಳನ್ನು ಸುಮ್ಮನೆ ಜೋಡಿಸಿ ನೋಡಿದೆ. ಶೇಂಗಾ ಕಾಳಿನ ಹೋಳುಗಳಂತೆ ಕೂತುಬಿಟ್ಟವು. ರೆಕ್ಕೆಯ ಮೇಲೆ ಗಸಗಸೆಯಷ್ಟು ಸಣ್ಣ ರಿವೆಟ್ ಮೊಳೆಗಳು, ಸಾಲು ಎಲ್ಲೂ ಡೊಂಕಿಲ್ಲ. ಅಪ್ಪನ ನಕ್ಷೆಗಳನ್ನು ನೋಡಿ ಬೆಳೆದವಳಿಗೆ ಇದರ ಹಿಂದಿನ ಕೈ ಎಂಥದೆಂದು ತಿಳಿಯಿತು. ಪೈಲಟ್ಟಿನ ಕುರ್ಚಿಗೆ ಬೆಲ್ಟೂ ಇತ್ತು, ಬೆಲ್ಟಿಗೆ ಬಕಲೂ ಇತ್ತು.

ಊಟಕ್ಕೆ ಬಂದ ಮಾವ ಪಡಸಾಲೆಯಲ್ಲಿ ನಿಂತರು. ಕುರ್ಚಿ ಕೈಯಲ್ಲಿರುವಂತೆಯೇ ನಾನು ಸೆರಗು ಎಳೆದುಕೊಂಡೆ.

“ಯವ್ವಾ, ಅದನ್ನ ಇಲ್ಲಿ ತಾ,” ಎಂದರು. ನನ್ನೊಡನೆ ಅವರು ನೇರವಾಗಿ ಆಡಿದ ಮೊದಲ ಮಾತು.

ಚಷ್ಮಾ ಏರಿಸಿ ಬಹಳ ಹೊತ್ತು ನೋಡಿದರು. “ಈ ಕುರ್ಚಿ ಒಳಗ ಹೋದ ಮ್ಯಾಲೆ ಯಾರಿಗೆ ಕಾಣತೈತಿ?”

“ಯಾರಿಗೂ ಕಾಣೂದಿಲ್ರಿ ಮಾವಾರ.”

“ಮತ್ತ ಇಷ್ಟು ಛಲೋ ಯಾಕ ಮಾಡ್ಯಾನ?”

ಅಂದಿನ ಊಟ ತಡವಾಯಿತು, ಅತ್ತೆ ಎರಡು ಸಲ ಕರೆದರು.

ಮರುದಿನದಿಂದ ಮಧ್ಯಾಹ್ನ ಅಂಗಡಿ ಮುಚ್ಚಿದೊಡನೆ ಅವರು ನನ್ನ ಚಾಪೆಯ ಪಕ್ಕ ಬಂದು ಕೂರುತ್ತಿದ್ದರು. ನಾನು ಅಂಟು ಹಚ್ಚಿ ಕೊಟ್ಟ ರೆಕ್ಕೆಯನ್ನು ಒಣಗುವ ತನಕ ಅಲುಗಾಡದೆ ಹಿಡಿದಿರುತ್ತಿದ್ದರು. ಎಲ್ಲವೂ ಸರಿಯಿತ್ತೆಂದಲ್ಲ. ನೆನೆಸಿ ಅಂಟಿಸಬೇಕಾದ ಚಿಹ್ನೆಗಳ ಸ್ಟಿಕರ್‌ಗಳನ್ನು ನೀರಿಗೆ ಬಿಟ್ಟರೆ ಬೂದಿಯಂತೆ ಚೂರಾದವು. ಅವನ್ನು ನಾನೇ ಮಸಿಯಲ್ಲಿ ಬರೆದೆ. ಆದರೆ ಚಕ್ರಗಳು ತಿರುಗಿದವು. ಮೂತಿಯ ಫ್ಯಾನನ್ನು ಮಾವ ಊದಿದಾಗ ಗಿರ್ರೆಂದು ತಿರುಗಿತು. ಅವರು ಇನ್ನೊಮ್ಮೆ ಊದಿದರು. ಅತ್ತೆ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು.

ಮುಂದಿನ ಖರೀದಿಗೆ ಹುಬ್ಬಳ್ಳಿಗೆ ಹೋದ ಮಾವ ಇಂಥವೇ ಬೇಕೆಂದು ಹುಡುಕಿದರಂತೆ. ಹಳೆಯವು ಸಿಗಲಿಲ್ಲ, ಹೊಸ ದುಬಾರಿ ಡಬ್ಬಿಗಳಿದ್ದವು. ವ್ಯಾಪಾರಿಯ ಎದುರೇ ಮುಚ್ಚಳ ತೆಗೆದು ಹೋಳುಗಳನ್ನು ಕೂಡಿಸಿ ನೋಡಿ, ಬೇಡವೆಂದು ಬಂದಿದ್ದರು. “ಡಬ್ಬಿ ಭಾಳ ಛಂದ ಐತಿ. ಒಳಗ ನೋಡಿದರ ಹೋಳಿನ ನಡುವ ಉಗುರು ಹೋಗತೈತಿ,” ಎಂದು ರೊಟ್ಟಿ ಮುರಿಯುತ್ತ ನನಗೆ ಹೇಳಿದರು.

ರದ್ದಿಗೆ ಹೋಗದೆ ಮತ್ತೆ ಅಟ್ಟ ಸೇರಿದ್ದ ನಮ್ಮ ಹಳೆಯ ಡಬ್ಬಿಗಳು ಗಾಜಿನ ಕಪಾಟಿಗೆ ಬಂದವು. ಕೇಳಿದವರಿಗೆಲ್ಲ ಮಾವ ಡಬ್ಬಿ ತೆರೆದು ಆ ಕುರ್ಚಿಯನ್ನು ತೋರಿಸದೆ ಬಿಡುತ್ತಿರಲಿಲ್ಲ. ನಿಧಾನಕ್ಕೆ ಒಂದೊಂದೇ ಹೋದವು. ಕೊನೆಯದನ್ನು ಕೊಂಡವರು ಯಲಬುರ್ಗಾದ ಡ್ರಾಯಿಂಗ್ ಮಾಸ್ತರು. ಅಂಟಿಗೆ ಏನು ಮಾಡಲೆಂದು ಅವರು ಕೇಳಿದಾಗ ಮಾವ ಒಳಗೆ ತಿರುಗಿ, “ಯವ್ವಾ, ಹೊರಗ ಬಾ. ಮಾಸ್ತರಿಗೆ ನೀನ ಹೇಳು,” ಎಂದರು.

ಗಿರಾಕಿಗಳೆಲ್ಲ ನೋಡುತ್ತಿದ್ದಂತೆ ನಾನು ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ಥಿನ್ನರಿನ ವಿಷಯ ವಿವರಿಸಿದೆ. ಮಾಸ್ತರು ಹೋದ ಮೇಲೂ ಮಾವ ಒಳಗೆ ಹೋಗೆನ್ನಲಿಲ್ಲ. ಯಾರೋ ರಿಬ್ಬನ್ ಕೇಳಿದರು, ಅಳೆದು ಕೊಟ್ಟೆ. ಆಮೇಲೆ, ಮೊದಲು ಮುಚ್ಚುತ್ತಿದ್ದ ಮಧ್ಯಾಹ್ನದ ಹೊತ್ತು ಅಂಗಡಿ ತೆರೆದಿಟ್ಟು ನೋಡಿಕೊಳ್ಳುವುದು ನನ್ನ ಕೆಲಸವಾಯಿತು.